ತಿದ್ದುವ ಅಧಿಕಾರದ ಮೇರೆ: ಭಾರತ ಸಂವಿಧಾನದ ಲಕ್ಷಣಗಳು ಮತ್ತು ತಿದ್ದುಪಡಿ

(ದತ್ತಿ ಉಪನ್ಯಾಸದ ಲಿಖಿತ ಪಾಠ)

1. ವಿಷಯ ಪ್ರವೇಶ

ಒಂದು ರಾಷ್ಟ್ರದಲ್ಲಿ ಅಧಿಕಾರವು ಎಲ್ಲಿಂದ ಹುಟ್ಟುತ್ತದೆ, ಯಾರ ಕೈಯಲ್ಲಿ ಎಷ್ಟಿರಬೇಕು, ಅದನ್ನು ಹಿಡಿದವರು ಯಾವ ಗೆರೆಯನ್ನು ದಾಟಬಾರದು ಎಂಬುದನ್ನು ಗೊತ್ತುಪಡಿಸುವ ಮೂಲ ಕಾನೂನೇ ಸಂವಿಧಾನ. ಇದನ್ನು ಕನ್ನಡದಲ್ಲಿ ರಾಜ್ಯಾಂಗ ಎಂದು ಕರೆಯುವ ರೂಢಿಯೂ ಇದೆ. ಉಳಿದೆಲ್ಲ ಕಾನೂನುಗಳು ತಮ್ಮ ಬಲವನ್ನು ಇದರಿಂದಲೇ ಪಡೆಯುವುದರಿಂದ, ಇದಕ್ಕೆ ವಿರುದ್ಧವಾಗಿ ನಡೆಯುವ ಕಾನೂನು ಊರ್ಜಿತವಾಗುವುದಿಲ್ಲ. ಹಾಗಾದರೆ ಈ ಮೂಲ ಕಾನೂನನ್ನೇ ಬದಲಿಸುವ ಅಧಿಕಾರ ಯಾರದು, ಆ ಅಧಿಕಾರಕ್ಕೂ ಒಂದು ಮೇರೆ ಇದೆಯೆ, ಇದ್ದರೆ ಅದನ್ನು ಎಳೆಯುವವರು ಯಾರು ಎಂಬ ಪ್ರಶ್ನೆಗಳು ಭಾರತ ಗಣರಾಜ್ಯದ ಮೊದಲ ಮೂರು ದಶಕಗಳನ್ನು ಬಿಡದೆ ಕಾಡಿದವು.

ಕನ್ನಡದ 'ತಿದ್ದು' ಎಂಬ ಧಾತು ಈ ಚರ್ಚೆಗೆ ತಕ್ಕ ಪ್ರವೇಶವನ್ನು ಒದಗಿಸುತ್ತದೆ. ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ, ಬರೆದುಕೊಟ್ಟ ಅಕ್ಷರದ ಮೇಲೆ ಮಗು ಬಳಪವನ್ನಾಡಿಸಿ ಕೈಗೆ ರೂಢಿಮಾಡಿಕೊಳ್ಳುವುದೂ ತಿದ್ದುವುದೇ. ಈ ಎರಡೂ ಅರ್ಥಗಳಲ್ಲಿ ಕೆಳಗಿನ ಬರಹ ಉಳಿದಿರುತ್ತದೆ. ಸ್ಲೇಟನ್ನೇ ಒರೆಸಿ ಬೇರೊಂದನ್ನು ಬರೆದರೆ ಅದನ್ನು ಕನ್ನಡಿಗರು ತಿದ್ದುವುದೆಂದು ಕರೆಯುವುದಿಲ್ಲ, ಅಳಿಸುವುದೆಂದು ಕರೆಯುತ್ತಾರೆ. ತಿದ್ದುವುದಕ್ಕೂ ಅಳಿಸುವುದಕ್ಕೂ ನಡುವಣ ಈ ಅಂತರವೇ 1973ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದ ಹದಿಮೂರು ನ್ಯಾಯಮೂರ್ತಿಗಳ ಮುಂದೆ ವಾದಕ್ಕೆ ಬಂದಿತು.

2. ಸಂವಿಧಾನದ ಮುಖ್ಯ ಲಕ್ಷಣಗಳು

ಸಂವಿಧಾನ ರಚನಾ ಸಭೆಯು 1946ರ ಡಿಸೆಂಬರ್ 9ರಂದು ಮೊದಲ ಬಾರಿಗೆ ಸೇರಿತು. ಸಂವಿಧಾನ ಸಲಹೆಗಾರರಾಗಿದ್ದ, ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್ ಅವರು ಸಿದ್ಧಪಡಿಸಿದ ಮೊದಲ ಕರಡನ್ನು ಡಾ. ಬಿ.ಆರ್. ಅಂಬೇಡ್ಕರ್ ಅವರ ಅಧ್ಯಕ್ಷತೆಯ ಕರಡು ಸಮಿತಿಯು ಪರಿಷ್ಕರಿಸಿ, 1948ರ ಫೆಬ್ರವರಿಯಲ್ಲಿ 315 ವಿಧಿಗಳ ಕರಡನ್ನು ಮುಂದಿಟ್ಟಿತು. 1949ರ ನವೆಂಬರ್ 26ರಂದು ಅಂಗೀಕಾರ ಪಡೆದು, 1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂದ ಸಂವಿಧಾನದಲ್ಲಿ 395 ವಿಧಿಗಳೂ 8 ಅನುಸೂಚಿಗಳೂ ಇದ್ದವು. ವಿಧಿ ಎಂದರೆ ಸಂಖ್ಯೆಯಿಂದ ಗುರುತಿಸುವ ಒಂದೊಂದು ನಿಯಮ. ಅನುಸೂಚಿ ಎಂದರೆ ವಿಧಿಗಳಿಗೆ ಹೊಂದಿಕೊಂಡ ಪಟ್ಟಿ, ಉದಾಹರಣೆಗೆ ರಾಜ್ಯಗಳ ಹೆಸರುಗಳ ಪಟ್ಟಿ ಮೊದಲನೆಯ ಅನುಸೂಚಿಯಲ್ಲಿದೆ, ಕನ್ನಡವೂ ಸೇರಿದಂತೆ ಭಾಷೆಗಳ ಪಟ್ಟಿ ಎಂಟನೆಯದರಲ್ಲಿದೆ.

ಇದರ ಗಾತ್ರಕ್ಕಿಂತ ಮಿಗಿಲಾಗಿ ಗಮನಿಸಬೇಕಾದುದು ಇದು ಒಂದಕ್ಕೊಂದು ಎದುರಾಗಬಹುದಾದ ತತ್ವಗಳನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿದ ಬಗೆ. ಒಕ್ಕೂಟ ಪದ್ಧತಿ, ಎಂದರೆ ಕೇಂದ್ರ ಮತ್ತು ರಾಜ್ಯಗಳ ನಡುವೆ ಅಧಿಕಾರವನ್ನು ಬರಹದಲ್ಲಿ ಹಂಚುವ ವ್ಯವಸ್ಥೆ, ಇಲ್ಲಿದೆ. ಆದರೆ ರಾಜ್ಯಗಳ ಎಲ್ಲೆಯನ್ನೇ ಬದಲಿಸಬಲ್ಲ ಪ್ರಬಲ ಕೇಂದ್ರವೂ ಇದೆ. ಶಾಸಕಾಂಗಕ್ಕೆ ಉತ್ತರದಾಯಿಯಾದ ಸಂಸದೀಯ ಸರ್ಕಾರವಿದೆ. ಆ ಶಾಸಕಾಂಗ ಮಾಡಿದ ಕಾನೂನನ್ನು ಅಸಿಂಧುವೆಂದು ಸಾರಬಲ್ಲ ಸ್ವತಂತ್ರ ನ್ಯಾಯಾಂಗವೂ ಇದೆ, ಈ ಅಧಿಕಾರಕ್ಕೆ ನ್ಯಾಯಿಕ ಪುನರ್ವಿಮರ್ಶೆ ಎಂದು ಹೆಸರು. ಮೂರನೆಯ ಭಾಗದ ಮೂಲಭೂತ ಹಕ್ಕುಗಳನ್ನು ನಾಗರಿಕನು ನ್ಯಾಯಾಲಯದ ಮೂಲಕ ಪಡೆದುಕೊಳ್ಳಬಹುದು. ನಾಲ್ಕನೆಯ ಭಾಗದ ರಾಜ್ಯನೀತಿ ನಿರ್ದೇಶಕ ತತ್ವಗಳು ಆಡಳಿತಕ್ಕೆ ದಾರಿ ತೋರಿಸುತ್ತವೆಯೇ ಹೊರತು ಅವುಗಳ ಜಾರಿಗಾಗಿ ನ್ಯಾಯಾಲಯದ ಮೊರೆ ಹೋಗುವಂತಿಲ್ಲ. ಭೂಮಿಯನ್ನು ಉಳುವವನಿಗೆ ಹಂಚಬೇಕೆಂಬ ಆಶಯ ನಾಲ್ಕನೆಯ ಭಾಗದ ಕಡೆಗಿದ್ದರೆ, ಆಸ್ತಿಯ ಹಕ್ಕು ಆಗ ಮೂರನೆಯ ಭಾಗದಲ್ಲಿತ್ತು. ತಿದ್ದುಪಡಿಯ ಇತಿಹಾಸದ ಬಹುಪಾಲು ಕಾವು ಹುಟ್ಟಿದ್ದು ಈ ಎರಡು ಭಾಗಗಳ ಘರ್ಷಣೆಯಿಂದ.

3. ತಿದ್ದುಪಡಿಯ ಮೂರು ದಾರಿಗಳು

ಸಂವಿಧಾನಗಳನ್ನು ನಮ್ಯ ಮತ್ತು ಅನಮ್ಯ ಎಂದು ವಿಂಗಡಿಸುವುದು ವಾಡಿಕೆ. ಸಾಮಾನ್ಯ ಕಾನೂನಿನಂತೆಯೇ ಬದಲಿಸಬಹುದಾದ ಬ್ರಿಟನ್ನಿನ ಸಂವಿಧಾನ ನಮ್ಯ. ಕಾಂಗ್ರೆಸ್ಸಿನ ಮೂರನೆಯ ಎರಡು ಬಹುಮತವನ್ನೂ ನಾಲ್ಕನೆಯ ಮೂರು ಪಾಲು ರಾಜ್ಯಗಳ ಒಪ್ಪಿಗೆಯನ್ನೂ ಸಾಮಾನ್ಯವಾಗಿ ಬೇಡುವ, ಈವರೆಗೆ 27 ಬಾರಿಯಷ್ಟೇ ತಿದ್ದುಪಡಿಯಾದ ಅಮೆರಿಕದ ಸಂವಿಧಾನ ಅನಮ್ಯ. ಭಾರತದ ಸಂವಿಧಾನ ನಿರ್ಮಾಪಕರು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳದೆ, ವಿಷಯದ ತೂಕಕ್ಕೆ ತಕ್ಕಂತೆ ಬದಲಾವಣೆಯ ಕಷ್ಟವನ್ನೂ ಮೂರು ಹಂತಗಳಲ್ಲಿ ಏರಿಸಿದರು.

ಮೊದಲನೆಯದು ಸಾಧಾರಣ ಬಹುಮತದ ದಾರಿ, ಎಂದರೆ ಸದನದಲ್ಲಿ ಹಾಜರಿದ್ದು ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಒಪ್ಪಿಗೆ. ಹೊಸ ರಾಜ್ಯಗಳ ರಚನೆ, ಗಡಿ ಮತ್ತು ಹೆಸರಿನ ಬದಲಾವಣೆ, ರಾಜ್ಯಗಳಲ್ಲಿ ವಿಧಾನ ಪರಿಷತ್ತಿನ ಸ್ಥಾಪನೆ ಅಥವಾ ರದ್ದತಿ ಈ ದಾರಿಯಲ್ಲಿ ನಡೆಯುತ್ತವೆ. ಇವುಗಳಿಂದ ಸಂವಿಧಾನದ ಪಠ್ಯ ಬದಲಾದರೂ ಕಾನೂನಿನ ದೃಷ್ಟಿಯಲ್ಲಿ ಇವು ತಿದ್ದುಪಡಿಗಳಲ್ಲ. ಗಡಿ ಅಥವಾ ಹೆಸರು ಬದಲಾಗಲಿರುವ ರಾಜ್ಯದ ಶಾಸಕಾಂಗದ ಅಭಿಪ್ರಾಯವನ್ನು ಕೇಳಬೇಕೆಂದು 3ನೆಯ ವಿಧಿ ಹೇಳುತ್ತದೆ, ಆದರೆ ಆ ಅಭಿಪ್ರಾಯಕ್ಕೆ ಸಂಸತ್ತು ಕಟ್ಟುಬೀಳಬೇಕಾಗಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯಿಂದ, ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರೂಪುಗೊಂಡದ್ದೂ, 1973ರ ನವೆಂಬರ್ 1ರಂದು ಆ ರಾಜ್ಯದ ಹೆಸರು ಕರ್ನಾಟಕವೆಂದಾದದ್ದೂ ಈ ಸುಲಭದ ದಾರಿಯಲ್ಲೇ. ಅದೇ 1956ರ ಕಾಯಿದೆ, ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲ್ಲೂಕನ್ನು ಕೇರಳಕ್ಕೆ ಸೇರಿಸಿತು. ಈ ಸಂಗತಿಯ ಫಲ ಮುಂದೆ ಅನಿರೀಕ್ಷಿತವಾದ ಜಾಗದಲ್ಲಿ ಕಾಣಿಸಿಕೊಂಡಿತು.

ಎರಡನೆಯದು 368ನೆಯ ವಿಧಿಯ ವಿಶೇಷ ಬಹುಮತದ ದಾರಿ. ಇಲ್ಲಿ ಪ್ರತಿಯೊಂದು ಸದನದಲ್ಲೂ ಎರಡು ಎಣಿಕೆಗಳು ಏಕಕಾಲಕ್ಕೆ ಕೂಡಿಬರಬೇಕು: ಸದನದ ಒಟ್ಟು ಸದಸ್ಯಬಲದ ಬಹುಮತ, ಹಾಗೂ ಹಾಜರಿದ್ದು ಮತ ಹಾಕಿದವರ ಮೂರನೆಯ ಎರಡಕ್ಕಿಂತ ಕಡಿಮೆಯಿಲ್ಲದ ಬಹುಮತ. 543 ಸದಸ್ಯರ ಲೋಕಸಭೆಯಲ್ಲಿ 390 ಮಂದಿಯಷ್ಟೇ ಮತ ಹಾಕಿದರೆ ಮೂರನೆಯ ಎರಡು ಪಾಲು 260 ಆಗುತ್ತದೆ, ಆದರೆ ಒಟ್ಟು ಸದಸ್ಯಬಲದ ಬಹುಮತಕ್ಕೆ 272 ಬೇಕಾದ್ದರಿಂದ 260 ಮತಗಳು ಸಾಲುವುದಿಲ್ಲ. 510 ಮಂದಿ ಮತ ಹಾಕಿದರೆ 272 ಸಾಲದೆ 340 ಬೇಕಾಗುತ್ತದೆ. ಸದನ ಬರಿದಾಗಿರುವಾಗ ಕೆಲವರೇ ಸೇರಿ ತಿದ್ದುವುದನ್ನು ಮೊದಲ ಎಣಿಕೆ ತಡೆಯುತ್ತದೆ, ಅಲ್ಪ ಅಂತರದ ಬಹುಮತದಿಂದ ತಿದ್ದುವುದನ್ನು ಎರಡನೆಯದು ತಡೆಯುತ್ತದೆ. ಉಭಯ ಸದನಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಸಾಮಾನ್ಯ ಮಸೂದೆಗಿರುವ ಜಂಟಿ ಅಧಿವೇಶನದ ಪರಿಹಾರ ಇಲ್ಲಿಲ್ಲ. ಬೀದರ್, ಕಲಬುರಗಿ, ರಾಯಚೂರು ಮೊದಲಾದ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ಅವಕಾಶ ಕಲ್ಪಿಸುವ 371ಜೆ ವಿಧಿಯನ್ನು ಸಂವಿಧಾನದೊಳಗೆ ತಂದ 2012ರ 98ನೆಯ ತಿದ್ದುಪಡಿ ನಡೆದದ್ದು 368ನೆಯ ವಿಧಿಯ ಈ ಕ್ರಮದಲ್ಲಿ.

ಮೂರನೆಯ ದಾರಿಯಲ್ಲಿ ವಿಶೇಷ ಬಹುಮತದ ಜೊತೆಗೆ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ರಾಜ್ಯಗಳ ಶಾಸಕಾಂಗಗಳು ನಿರ್ಣಯದ ಮೂಲಕ ಒಪ್ಪಬೇಕು; ಇದಕ್ಕೆ ಅನುಸಮರ್ಥನೆ ಎಂದು ಹೆಸರು. ರಾಷ್ಟ್ರಪತಿಯ ಚುನಾವಣೆ, ಉನ್ನತ ನ್ಯಾಯಾಲಯಗಳು, ಕೇಂದ್ರ ಮತ್ತು ರಾಜ್ಯಗಳ ನಡುವಣ ಶಾಸನಾಧಿಕಾರದ ಹಂಚಿಕೆ, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ ಹಾಗೂ ಸ್ವತಃ 368ನೆಯ ವಿಧಿ ಈ ಗುಂಪಿಗೆ ಸೇರುತ್ತವೆ. ಸರಕು ಮತ್ತು ಸೇವಾ ತೆರಿಗೆಯನ್ನು ತಂದ 2016ರ 101ನೆಯ ತಿದ್ದುಪಡಿ ಈ ದಾರಿಯಲ್ಲಿ ಬಂದಿತು. ಈ ಹಂತ ಬರೀ ಔಪಚಾರಿಕವಲ್ಲ ಎಂಬುದಕ್ಕೆ ಎರಡು ತೀರ್ಪುಗಳು ಸಾಕ್ಷಿಯಾಗಿವೆ. ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿಯಲ್ಲಿ ನ್ಯಾಯಾಲಯಗಳ ಅಧಿಕಾರವನ್ನು ಹೊರಗಿಟ್ಟಿದ್ದ 7ನೆಯ ಕಂಡಿಕೆಯು, ರಾಜ್ಯಗಳ ಅನುಸಮರ್ಥನೆ ಇಲ್ಲದ ಕಾರಣಕ್ಕೆ, ಕನ್ನಡಿಗರಾದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರಿದ್ದ ಪೀಠದ 1992ರ ಬಹುಮತದ ತೀರ್ಪಿನಲ್ಲಿ ಬಿದ್ದುಹೋಯಿತು. ಸಹಕಾರ ಸಂಘಗಳ ಕುರಿತ 97ನೆಯ ತಿದ್ದುಪಡಿಯೂ ಅದೇ ಲೋಪದಿಂದ, ರಾಜ್ಯಗಳ ವ್ಯಾಪ್ತಿಯ ಸಂಘಗಳ ಮಟ್ಟಿಗೆ, 2021ರಲ್ಲಿ ರದ್ದಾಯಿತು.

4. ಮೇರೆಯ ಪ್ರಶ್ನೆ: 1951ರಿಂದ 1971

ಗಣರಾಜ್ಯ ಹದಿನೆಂಟು ತಿಂಗಳು ತುಂಬುವ ಮುನ್ನವೇ ಮೊದಲ ತಿದ್ದುಪಡಿ ಬಂದಿತು. ಮದರಾಸು ಪ್ರಾಂತದ ಜಾತಿವಾರು ಪ್ರವೇಶದ ಆದೇಶವನ್ನು ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ನ್ಯಾಯಾಲಯ ತಳ್ಳಿಹಾಕಿದ್ದಕ್ಕೆ ಉತ್ತರವಾಗಿ, ಹಿಂದುಳಿದ ವರ್ಗಗಳಿಗೆ ವಿಶೇಷ ಅವಕಾಶ ನೀಡುವ 15(4)ನೆಯ ಖಂಡವು 1951ರಲ್ಲಿ ಸೇರಿತು. ಅದೇ ತಿದ್ದುಪಡಿ ಒಂಬತ್ತನೆಯ ಅನುಸೂಚಿ ಎಂಬ ಹೊಸ ಪಟ್ಟಿಯನ್ನು ಸೃಷ್ಟಿಸಿತು. ಈ ಪಟ್ಟಿಗೆ ಸೇರಿದ ಕಾನೂನನ್ನು ಮೂಲಭೂತ ಹಕ್ಕಿಗೆ ವಿರುದ್ಧವೆಂಬ ಕಾರಣಕ್ಕೆ ಪ್ರಶ್ನಿಸುವಂತಿರಲಿಲ್ಲ. ಭೂಸುಧಾರಣೆಯನ್ನು ಜಮೀನ್ದಾರರ ವ್ಯಾಜ್ಯಗಳಿಂದ ಕಾಯುವುದು ಇದರ ಉದ್ದೇಶವಾಗಿತ್ತು. ಮೊದಲಿಗೆ 13 ಕಾನೂನುಗಳಿದ್ದ ಪಟ್ಟಿ 1964ರ 17ನೆಯ ತಿದ್ದುಪಡಿಯ ಹೊತ್ತಿಗೆ ಬಹಳ ಬೆಳೆದು, 1961ರ ಮೈಸೂರು ಭೂಸುಧಾರಣಾ ಕಾಯಿದೆಯನ್ನೂ ಒಳಗೊಂಡಿತು.

ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಈ ತಿದ್ದುಪಡಿಗಳ ಅಗತ್ಯವನ್ನು ಅಲ್ಲಗಳೆಯುವುದು ಕಷ್ಟ. ಆದರೆ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ 'ಕಾನೂನು' ಅಸಿಂಧುವೆಂದು 13ನೆಯ ವಿಧಿ ಹೇಳಿರುವಾಗ, ಸಂವಿಧಾನದ ತಿದ್ದುಪಡಿಯೂ ಆ ಮಾತಿನ ವ್ಯಾಪ್ತಿಗೆ ಬರುವುದೆ ಎಂಬ ಪ್ರಶ್ನೆ ಎದ್ದಿತು. ಶಂಕರಿ ಪ್ರಸಾದ್ ಪ್ರಕರಣದಲ್ಲಿ (1951) ಒಮ್ಮತದಿಂದಲೂ ಸಜ್ಜನ್ ಸಿಂಗ್ ಪ್ರಕರಣದಲ್ಲಿ (1965) ಬಹುಮತದಿಂದಲೂ ನ್ಯಾಯಾಲಯವು ಬಾರದೆಂದೇ ಹೇಳಿತು. ಪಂಜಾಬಿನ ಮತ್ತು ಮೈಸೂರಿನ ಭೂಸುಧಾರಣಾ ಕಾನೂನುಗಳನ್ನು ಪ್ರಶ್ನಿಸಿದ ಅರ್ಜಿಗಳು ಒಟ್ಟಿಗೆ ವಿಚಾರಣೆಗೆ ಬಂದ ಗೋಲಕನಾಥ ಪ್ರಕರಣದಲ್ಲಿ, 1967ರ ಫೆಬ್ರವರಿ 27ರಂದು, ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರ ನೇತೃತ್ವದ ಪೀಠವು ಆರಕ್ಕೆ ಐದರ ಬಹುಮತದಿಂದ ಈ ನಿಲುವನ್ನು ತಿರುಗಿಸಿ, ಸಂಸತ್ತು ಮುಂದೆಂದೂ ಮೂಲಭೂತ ಹಕ್ಕುಗಳನ್ನು ಕಿತ್ತುಕೊಳ್ಳುವಂತಿಲ್ಲ ಎಂದು ಸಾರಿತು. ಸಂಸತ್ತಿನ ಮರುತ್ತರ 1971ರ 24ನೆಯ ತಿದ್ದುಪಡಿಯ ರೂಪದಲ್ಲಿ ಬಂದಿತು: ಸಂವಿಧಾನದ ಯಾವುದೇ ಉಪಬಂಧವನ್ನು ತಿದ್ದಬಹುದು, ತಿದ್ದುಪಡಿಗೆ 13ನೆಯ ವಿಧಿ ಅನ್ವಯಿಸದು, ರಾಷ್ಟ್ರಪತಿಯವರು ಅಂಕಿತ ಹಾಕಲೇಬೇಕು. ಹೀಗೆ ಒಂದು ಕಡೆ ಹಕ್ಕುಗಳ ಭಾಗವನ್ನು ಮುಟ್ಟಲೇಬಾರದೆಂಬ ತೀರ್ಪು, ಇನ್ನೊಂದು ಕಡೆ ಏನನ್ನಾದರೂ ಮುಟ್ಟಬಹುದೆಂಬ ತಿದ್ದುಪಡಿ ನಿಂತು, ನಡುವಿನ ನೆಲೆಯೊಂದು ಕಾಣದಾಯಿತು.

5. ಎಡನೀರು ಮಠದ ಅರ್ಜಿ

ಆ ನಡುವಿನ ನೆಲೆ ದೊರೆತದ್ದು ಕಾಸರಗೋಡಿನ ಎಡನೀರು ಮಠದ ಪೀಠಾಧಿಪತಿಗಳಾದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರ ಮಾರ್ಚ್ 21ರಂದು ಸಲ್ಲಿಸಿದ ರಿಟ್ ಅರ್ಜಿಯಿಂದ. ಕನ್ನಡ ಮತ್ತು ತುಳು ಮಾತನಾಡುವ ಪರಿಸರದ, ಯಕ್ಷಗಾನಕ್ಕೆ ಆಶ್ರಯವಾಗಿದ್ದ ಈ ಮಠದ ಭೂಮಿಗೆ ಕೇರಳದ ಭೂಸುಧಾರಣಾ ಕಾನೂನು ತಗುಲಿದ್ದು 1956ರ ಪುನರ್ವಿಂಗಡಣೆಯಿಂದಾಗಿ. ಸಾಧಾರಣ ಬಹುಮತದ ದಾರಿಯಲ್ಲಿ ಸರಿದ ಒಂದು ಗಡಿಯೇ, ಯಾವ ಬಹುಮತವೂ ದಾಟಲಾಗದ ಗಡಿಯೊಂದನ್ನು ಎಳೆಯುವ ಪ್ರಕರಣಕ್ಕೆ ಪೀಠಿಕೆಯಾಯಿತು. ವ್ಯಾಜ್ಯ ನಡೆಯುತ್ತಿರುವಾಗಲೇ ಆ ಕಾನೂನಿನ ತಿದ್ದುಪಡಿಗಳನ್ನು 1972ರ 29ನೆಯ ತಿದ್ದುಪಡಿಯ ಮೂಲಕ ಒಂಬತ್ತನೆಯ ಅನುಸೂಚಿಗೆ ಸೇರಿಸಿದ್ದರಿಂದ, ಮಠದ ಜಮೀನಿನ ಪ್ರಶ್ನೆಯು ತಿದ್ದುಪಡಿಯ ಅಧಿಕಾರದ ಪ್ರಶ್ನೆಯಾಗಿ ಬೆಳೆಯಿತು.

ಅರ್ಜಿದಾರರ ಪರವಾಗಿ ನಾನಿ ಪಾಲ್ಖಿವಾಲಾ ವಾದಿಸಿದ ಈ ಪ್ರಕರಣದ ವಿಚಾರಣೆ 1972ರ ಅಕ್ಟೋಬರ್ 31ರಿಂದ 68 ದಿನಗಳ ಕಾಲ ನಡೆಯಿತು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳು ಹನ್ನೊಂದು ಪ್ರತ್ಯೇಕ ತೀರ್ಪುಗಳನ್ನು ಬರೆದರು. ಏಳಕ್ಕೆ ಆರರ ಬಹುಮತದಲ್ಲಿ ಹೊರಬಂದ ಸಾರವೆಂದರೆ, ಮೂಲಭೂತ ಹಕ್ಕುಗಳೂ ಸೇರಿದಂತೆ ಸಂವಿಧಾನದ ಯಾವ ಭಾಗವನ್ನಾದರೂ ಸಂಸತ್ತು ತಿದ್ದಬಹುದು, ಆದರೆ ಸಂವಿಧಾನದ ಮೂಲ ಸಂರಚನೆಯನ್ನು ಕೆಡವುವಂತಿಲ್ಲ. ಮೂಲ ಸಂರಚನೆ ಎಂದರೆ ಯಾವುದನ್ನು ತೆಗೆದರೆ ಉಳಿದ ಬರಹವಿದ್ದರೂ ಅದು ಅದೇ ಸಂವಿಧಾನವಾಗಿ ಉಳಿಯದೋ ಆ ಆಧಾರಾಂಶಗಳ ಸಮುಚ್ಚಯ. ಸಂವಿಧಾನದ ಪಾರಮ್ಯ, ಗಣತಂತ್ರ ಮತ್ತು ಪ್ರಜಾಸತ್ತೆ, ಜಾತ್ಯತೀತತೆ, ಒಕ್ಕೂಟ ಸ್ವರೂಪ, ಅಧಿಕಾರಗಳ ವಿಭಜನೆ ಮುಂತಾದವನ್ನು ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ಉದಾಹರಿಸಿದರು. ನಿರ್ಣಾಯಕ ಮತವಾದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ತರ್ಕ ನಿಂತಿದ್ದು 'ತಿದ್ದುಪಡಿ' ಎಂಬ ಪದದ ಮೇಲೆಯೇ: ತಿದ್ದುಪಡಿಯಾದ ಮೇಲೆ ಹಳೆಯ ಸಂವಿಧಾನ ತನ್ನ ಗುರುತನ್ನು ಕಳೆದುಕೊಳ್ಳದೆ ಉಳಿದಿರಬೇಕೆಂಬುದು ಆ ಪದದ ಅರ್ಥದಲ್ಲೇ ಅಡಗಿದೆ ಎಂದು ಅವರು ಕಂಡರು.

ಈ ತೀರ್ಪಿನ ಎರಡು ಫಲಿತಾಂಶಗಳು ಕನ್ನಡ ನಾಡಿಗೆ ಹತ್ತಿರದವು. ಒಂದು, 29ನೆಯ ತಿದ್ದುಪಡಿ ಸಿಂಧುವೆಂದೇ ಆದದ್ದರಿಂದ ಅರ್ಜಿದಾರರಿಗೆ ತಾವು ಕೇಳಿದ ಪರಿಹಾರ ಸಿಗಲಿಲ್ಲ. ದೇಶಕ್ಕೆ ದೊರೆತ ರಕ್ಷಣೆ ಮಠದ ಭೂಮಿಗೆ ದೊರೆಯಲಿಲ್ಲ. ಇನ್ನೊಂದು, ಬಹುಮತದ ಕಡೆಗಿದ್ದ ನ್ಯಾಯಮೂರ್ತಿಗಳಾದ ಜೆ.ಎಂ. ಶೇಲತ್, ಕಾರ್ಕಳ ಸೀಮೆಯ ಕೌಡೂರಿನವರಾದ ಕೆ.ಎಸ್. ಹೆಗ್ಡೆ ಮತ್ತು ಎ.ಎನ್. ಗ್ರೋವರ್ ಅವರ ಸೇವಾಹಿರಿತನವನ್ನು ಮೀರಿ, ಭಿನ್ನಮತದ ಕಡೆಗಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಕೂಡಲೇ ನೇಮಿಸಲಾಯಿತು. ಮೂವರೂ ರಾಜೀನಾಮೆ ನೀಡಿದರು.

6. ಒರೆಗಲ್ಲಿನ ವರ್ಷಗಳು: 1975ರಿಂದ 1980

ಮೂಲ ಸಂರಚನೆಯ ಸಿದ್ಧಾಂತವು ಬರಿಯ ಪಾಂಡಿತ್ಯವೋ ಅಥವಾ ನಿಜವಾದ ಆಸರೆಯೋ ಎಂಬುದು ತುರ್ತು ಪರಿಸ್ಥಿತಿಯಲ್ಲಿ ಗೊತ್ತಾಯಿತು. ಪ್ರಧಾನಿಯವರ ಚುನಾವಣೆಯನ್ನು ನ್ಯಾಯಾಲಯದ ವಿಚಾರಣೆಯಿಂದಲೇ ಹೊರಗಿಡಲು 1975ರಲ್ಲಿ ತಂದ 39ನೆಯ ತಿದ್ದುಪಡಿಯ ಸಂಬಂಧಿತ ಖಂಡವನ್ನು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ನವೆಂಬರ್ 7ರಂದು ರದ್ದುಪಡಿಸಿತು. 1976ರ 42ನೆಯ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಪ್ರಸ್ತಾವನೆಗೆ 'ಸಮಾಜವಾದಿ', 'ಜಾತ್ಯತೀತ' ಎಂಬ ಪದಗಳನ್ನೂ ಸಂವಿಧಾನದ ಪಠ್ಯಕ್ಕೆ ನಾಗರಿಕರ ಮೂಲಭೂತ ಕರ್ತವ್ಯಗಳನ್ನೂ ಸೇರಿಸಿದ ಅದೇ ತಿದ್ದುಪಡಿ, ಲೋಕಸಭೆಯ ಅವಧಿಯನ್ನು ಆರು ವರ್ಷಕ್ಕೇರಿಸಿತು. ತಿದ್ದುಪಡಿಯ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ, ಯಾವ ನ್ಯಾಯಾಲಯವೂ ಅದನ್ನು ಪ್ರಶ್ನಿಸುವಂತಿಲ್ಲ ಎಂದು 368ನೆಯ ವಿಧಿಯಲ್ಲೇ ಬರೆಯಿತು. ವಿರೋಧ ಪಕ್ಷಗಳ ನಾಯಕರು ಸೆರೆಮನೆಯಲ್ಲಿದ್ದಾಗಲೂ ಇದು ಎರಡೂ ಸದನಗಳ ವಿಶೇಷ ಬಹುಮತವನ್ನೂ ಅಗತ್ಯವಾದಷ್ಟು ರಾಜ್ಯಗಳ ಅನುಸಮರ್ಥನೆಯನ್ನೂ ಕ್ರಮಬದ್ಧವಾಗಿ ಪಡೆಯಿತೆಂಬುದನ್ನು ಮರೆಯಬಾರದು. ಎಣಿಕೆಯ ಎಲ್ಲ ಮೆಟ್ಟಿಲುಗಳನ್ನು ಹತ್ತಿಯೂ ಸಂವಿಧಾನವನ್ನು ಅಳಿಸಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ದುರಸ್ತಿ ಎರಡು ಕಡೆಗಳಿಂದ ನಡೆಯಿತು. 1977ರ ಚುನಾವಣೆಯ ನಂತರದ ಸಂಸತ್ತು 43 ಮತ್ತು 44ನೆಯ ತಿದ್ದುಪಡಿಗಳಿಂದ ಲೋಕಸಭೆಯ ಅವಧಿಯನ್ನು ಮತ್ತೆ ಐದು ವರ್ಷಕ್ಕಿಳಿಸಿತು, ತುರ್ತು ಪರಿಸ್ಥಿತಿಗೆ 'ಆಂತರಿಕ ಗಲಭೆ'ಯ ಬದಲು 'ಸಶಸ್ತ್ರ ಬಂಡಾಯ'ವನ್ನು ಕಾರಣವಾಗಿ ಇಟ್ಟಿತು, ಅಷ್ಟೊಂದು ವ್ಯಾಜ್ಯಗಳಿಗೆ ಮೂಲವಾಗಿದ್ದ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದು 300ಎ ವಿಧಿಯಡಿ ಕಾನೂನಿನ ಹಕ್ಕಾಗಿಸಿತು. ಈ ತಿದ್ದುಪಡಿಗಳು ಅಂಗೀಕಾರವಾದಾಗ ಲೋಕಸಭೆಯ ಸಭಾಧ್ಯಕ್ಷರಾಗಿದ್ದವರು, ಅಂದು ರಾಜೀನಾಮೆ ನೀಡಿದ್ದ ಅದೇ ಕೆ.ಎಸ್. ಹೆಗ್ಡೆ. ಇನ್ನೊಂದು ಕಡೆಯಿಂದ, ಬೆಂಗಳೂರಿನ ಜವಳಿ ಗಿರಣಿಯೊಂದರ ರಾಷ್ಟ್ರೀಕರಣವನ್ನು ಪ್ರಶ್ನಿಸಿದ ಮಿನರ್ವ ಮಿಲ್ಸ್ ಪ್ರಕರಣದಲ್ಲಿ ನ್ಯಾಯಾಲಯವು, 368ನೆಯ ವಿಧಿಗೆ ಸೇರಿಸಿದ್ದ ಮಿತಿರಹಿತ ಅಧಿಕಾರದ ಖಂಡಗಳನ್ನು 1980ರಲ್ಲಿ ರದ್ದುಪಡಿಸಿತು. ಮಿತಿಯುಳ್ಳ ಅಧಿಕಾರವನ್ನು ಪಡೆದವನು ಅದೇ ಅಧಿಕಾರವನ್ನು ಬಳಸಿ ಅದನ್ನು ಮಿತಿಯಿಲ್ಲದ್ದಾಗಿ ಮಾಡಿಕೊಳ್ಳಲಾರನು ಎಂಬುದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ತರ್ಕದ ತಿರುಳು.

7. ವಿಸ್ತಾರ ಮತ್ತು ಆಕ್ಷೇಪ

ಮುಂದಿನ ದಶಕಗಳಲ್ಲಿ ಈ ಸಿದ್ಧಾಂತ ತಿದ್ದುಪಡಿಯ ಆಚೆಗೂ ಹಬ್ಬಿತು. 1989ರ ಏಪ್ರಿಲ್‌ನಲ್ಲಿ ವಜಾಗೊಂಡ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಹೆಸರಿನ ಪ್ರಕರಣದಲ್ಲಿ, 1994ರ ಮಾರ್ಚ್ 11ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಸರ್ಕಾರದ ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲಿ ನಡೆಯಬೇಕೆಂದೂ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ನ್ಯಾಯಿಕ ಪುನರ್ವಿಮರ್ಶೆಗೆ ಒಳಪಡುತ್ತದೆಂದೂ, ಜಾತ್ಯತೀತತೆ ಮೂಲ ಸಂರಚನೆಯ ಭಾಗವೆಂದೂ ತೀರ್ಮಾನಿಸಿತು. 1973ರ ಏಪ್ರಿಲ್ 24ರ ನಂತರ ಒಂಬತ್ತನೆಯ ಅನುಸೂಚಿಗೆ ಸೇರಿದ ಕಾನೂನುಗಳೂ ಪರೀಕ್ಷೆಗೆ ಒಳಪಡುತ್ತವೆಂದು 2007ರಲ್ಲಿ ನಿರ್ಣಯವಾಯಿತು. ಬಾಂಗ್ಲಾದೇಶದ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಇದೇ ತತ್ವವನ್ನು ತನ್ನದಾಗಿಸಿಕೊಂಡಿತು.

ಆಕ್ಷೇಪಗಳು ಹಗುರವಾದವಲ್ಲ. ಮೂಲ ಸಂರಚನೆ ಎಂಬ ಮಾತು ಸಂವಿಧಾನದ ಪಠ್ಯದಲ್ಲೆಲ್ಲೂ ಇಲ್ಲ, ಅದರ ಅಂಶಗಳ ಪೂರ್ಣ ಪಟ್ಟಿಯಿಲ್ಲ, ಚುನಾಯಿತರಲ್ಲದ ನ್ಯಾಯಮೂರ್ತಿಗಳು ಒಂದು ಮತದ ಅಂತರದಿಂದ ಜನಪ್ರತಿನಿಧಿಗಳ ಕೈ ಕಟ್ಟಿದರು ಎಂಬುದು ವಿಮರ್ಶಕರ ವಾದ. ನ್ಯಾಯಮೂರ್ತಿಗಳ ನೇಮಕಕ್ಕೆ ಹೊಸ ಆಯೋಗವನ್ನು ರಚಿಸಿದ 99ನೆಯ ತಿದ್ದುಪಡಿಯನ್ನು 2015ರಲ್ಲಿ ರದ್ದುಪಡಿಸಿದಾಗ, ನ್ಯಾಯಾಲಯ ತನ್ನ ವಿಷಯದಲ್ಲಿ ತಾನೇ ತೀರ್ಪುಗಾರನಾಯಿತೆಂಬ ಟೀಕೆಯೂ ಬಂದಿತು. ಜರ್ಮನಿಯ 1949ರ ಮೂಲ ಕಾನೂನು ತಿದ್ದಲಾಗದ ತತ್ವಗಳನ್ನು ತನ್ನ 79ನೆಯ ವಿಧಿಯಲ್ಲೇ ಬರೆದಿಟ್ಟಿರುವಂತೆ ಭಾರತದಲ್ಲೂ ಬರೆದಿದ್ದರೆ ಈ ಸಂದೇಹ ಕಡಿಮೆಯಾಗುತ್ತಿತ್ತು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಆಚರಣೆಯಲ್ಲಿ ನ್ಯಾಯಾಲಯ ಈ ಅಸ್ತ್ರವನ್ನು ಹೂಡಿದ್ದು ವಿರಳ: 2023ರ ಮಹಿಳಾ ಮೀಸಲಾತಿ ತಿದ್ದುಪಡಿಯ ಸಂಖ್ಯೆ 106, ಅಲ್ಲಿಯವರೆಗಿನ ತಿದ್ದುಪಡಿಗಳಲ್ಲಿ ಮೂಲ ಸಂರಚನೆಯ ಕಾರಣಕ್ಕೆ ಪೂರ್ಣವಾಗಿ ಅಥವಾ ಭಾಗಶಃ ಬಿದ್ದುಹೋದವು ಬೆರಳೆಣಿಕೆಯಷ್ಟು. ಪಂಚಾಯತ್ ರಾಜ್ ಸಂಸ್ಥೆಗಳಿಗೆ ಸಾಂವಿಧಾನಿಕ ನೆಲೆಯನ್ನೂ ಅಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಪಾಲು ಸ್ಥಾನವನ್ನೂ ಕೊಟ್ಟ 73ನೆಯ ತಿದ್ದುಪಡಿಯಂಥವು ಯಾವ ತಡೆಯೂ ಇಲ್ಲದೆ ಸಂವಿಧಾನದ ಮೈಗೆ ಸೇರಿಹೋದವು. ಕರ್ನಾಟಕವು 1980ರ ದಶಕದಲ್ಲೇ ಮಹಿಳಾ ಮೀಸಲಾತಿಯೊಂದಿಗೆ ನಡೆಸಿದ್ದ ಪಂಚಾಯತ್ ಪ್ರಯೋಗ ಅದಕ್ಕೆ ಮೇಲ್ಪಂಕ್ತಿಯಾಗಿತ್ತು.

8. ಉಪಸಂಹಾರ

ಮಿನರ್ವ ಮಿಲ್ಸ್ ತೀರ್ಪಿನ ತರ್ಕವನ್ನು ಕನ್ನಡದ ಮಾತಿಗೆ ಇಳಿಸಿದರೆ ಅದು ದತ್ತಿಯ ತರ್ಕವಾಗುತ್ತದೆ. ದತ್ತಿಯನ್ನು ನಡೆಸುವ ಹೊಣೆ ಹೊತ್ತವರು ಅದರ ಉತ್ಪನ್ನವನ್ನು ಕಾಲಕ್ಕೆ ತಕ್ಕಂತೆ ವಿನಿಯೋಗಿಸಬಹುದು, ಹಳತಾದ ಕ್ರಮವನ್ನು ಬಿಟ್ಟು ಹೊಸ ಕ್ರಮವನ್ನು ತರಬಹುದು. ಮೂಲನಿಧಿಯನ್ನು ಕರಗಿಸುವಂತಿಲ್ಲ, ದತ್ತಿಯ ಉದ್ದೇಶವನ್ನು ಮಗುಚುವಂತಿಲ್ಲ, ನಡೆಸುವ ಹಕ್ಕಿನ ಬಲದಿಂದ ತಾವೇ ಒಡೆಯರೆಂದು ಬರೆದುಕೊಳ್ಳುವಂತಿಲ್ಲ. ಸಂವಿಧಾನದ ದಾನಿಗಳು ಅದರ ಪ್ರಸ್ತಾವನೆಯ ಮೊದಲಲ್ಲೇ ಹೆಸರಿಸಲಾದ ಭಾರತದ ಜನತೆ. ಸಂಸತ್ತು, ರಾಜ್ಯಗಳ ಶಾಸಕಾಂಗಗಳು ಮತ್ತು ನ್ಯಾಯಾಲಯಗಳು, ಮೂರೂ, ಅದನ್ನು ನಡೆಸಿಕೊಂಡು ಹೋಗುವವರು. ಮೇರೆ ಎಳೆಯುವ ನ್ಯಾಯಾಲಯವೂ ದತ್ತಿಯ ಒಡೆಯನಲ್ಲವೆಂಬ ಎಚ್ಚರ ಈ ಮಾತಿನಲ್ಲೇ ಸೇರಿದೆ.

ಕನ್ನಡ ನಾಡಿನ ದಾನಶಾಸನಗಳು ಭೂಮಿಯ ಎಲ್ಲೆಗಳನ್ನು ಹೇಳಿ, ದತ್ತಿಯ ಉದ್ದೇಶವನ್ನು ಹೇಳಿ, ಕೊನೆಯಲ್ಲಿ ಅದನ್ನು ಕಾಯ್ದವರಿಗೆ ಪುಣ್ಯವನ್ನೂ ಅಳಿದವರಿಗೆ ಪಾತಕವನ್ನೂ ವಿಧಿಸಿ ಮುಗಿಯುವುದು ವಾಡಿಕೆ. ಶಾಸನವನ್ನು ಬರೆಸಿದವರಿಗೆ ಮುಂದಿನ ಅರಸನ ಕೈ ಕಟ್ಟುವ ಬೇರೆ ಉಪಾಯವಿರಲಿಲ್ಲ. ಭಾರತ ಸಂವಿಧಾನದ ಕೊನೆಯಲ್ಲಿ ಅಂಥ ಶಾಪಾಶಯವಿಲ್ಲ. ಅದರ ಜಾಗದಲ್ಲಿರುವುದು 32ನೆಯ ವಿಧಿಯಡಿ ನ್ಯಾಯಾಲಯದ ಬಾಗಿಲಿಗೆ ಹೋಗುವ ನಾಗರಿಕನ ಹಕ್ಕು ಮತ್ತು ಐದು ವರ್ಷಕ್ಕೊಮ್ಮೆ ಬರುವ ಮತ. 1973ರಲ್ಲಿ ಮೊದಲನೆಯದೂ 1977ರಲ್ಲಿ ಎರಡನೆಯದೂ ಕೆಲಸ ಮಾಡಿದ್ದರಿಂದಲೇ, ನೂರಕ್ಕೂ ಹೆಚ್ಚು ಬಾರಿ ತಿದ್ದಿಸಿಕೊಂಡ ಮೇಲೂ ಆ ಬರಹವನ್ನು 1950ರ ಸಂವಿಧಾನವೆಂದೇ ಗುರುತಿಸಲು ಸಾಧ್ಯವಾಗಿದೆ.